ಮಾಳವಿಕಾ ಯಾವ ದೇವರ ಹೆಸರು?

ಯಾವ ದೇವರದ್ದೂ ಅಲ್ಲ. ಮಗಳಿಗೆ ಈ ಹೆಸರು ಇಡಬೇಕೆಂದುಕೊಂಡವರೆಲ್ಲ ಇದನ್ನೇ ಕೇಳುತ್ತಾರೆ. ಮಾಳವಿಕಾ ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ ನಾಟಕದ ನಾಯಕಿ. ಶುಂಗ ದೊರೆ ಅಗ್ನಿಮಿತ್ರ ಇತಿಹಾಸದಲ್ಲಿದ್ದಾನೆ. ಇವಳನ್ನು ನಾವು ಬಲ್ಲದ್ದು ನಾಟಕದಿಂದಲೇ.

ಅಷ್ಟು ಹೇಳಿದರೆ ಮುಗಿಯುವುದಿಲ್ಲ. ‘ಅಯ್ಯೋ, ಅವಳು ಅರಮನೆಯ ದಾಸಿ ಅಲ್ವಾ?’ ಎನ್ನುತ್ತಾರೆ. ಈ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಐದನೇ ಅಂಕದವರೆಗೆ ಓದಿ ಸ್ವಾಮಿ. ಅವಳು ವಿದರ್ಭದ ರಾಜಕುಮಾರಿ. ಅಣ್ಣ ಮಾಧವಸೇನ ಸೆರೆಸಿಕ್ಕ, ದಾರಿಯಲ್ಲಿ ಕಳ್ಳರು ಬಿದ್ದರು, ಹಾಗಾಗಿ ವಿದಿಶೆಯಲ್ಲಿ ಅಗ್ನಿಮಿತ್ರನ ರಾಣಿ ಧಾರಿಣಿಯ ಊಳಿಗಕ್ಕೆ ಬಂದಳು. ಗುಟ್ಟು ಗೊತ್ತಿದ್ದ ಪರಿವ್ರಾಜಿಕೆ, ಅಂದರೆ ಸಂನ್ಯಾಸಿನಿ, ಕೌಶಿಕಿಯೂ ಬಾಯಿ ಬಿಡಲಿಲ್ಲ. ಏಕೆಂದರೆ ಒಂದು ವರ್ಷ ಊಳಿಗ ಮಾಡಿದ ಮೇಲೆ ತಕ್ಕ ಗಂಡ ಸಿಗುತ್ತಾನೆಂದು ಸಿದ್ಧನೊಬ್ಬ ನುಡಿದಿದ್ದ. ಅಲ್ಲದೆ, ಊಳಿಗ ಮಾಡಿದ್ದರಲ್ಲಿ ನಾಚಿಕೆಯೇನು?

ಯಾರ ಮಗಳು, ಯಾವ ದೇವರು ಎಂದು ಕೇಳುವವರಲ್ಲಿ ಒಬ್ಬರಾದರೂ ‘ಅವಳಿಗೆ ಏನು ಬರುತ್ತಿತ್ತು?’ ಎಂದು ಕೇಳಬಾರದೇ! ನೃತ್ಯ ಬರುತ್ತಿತ್ತು. ಗಣದಾಸ, ಹರದತ್ತ ಎಂಬ ಇಬ್ಬರು ಗುರುಗಳಿಗೆ ಯಾರು ಮೇಲೆಂಬ ಜಗಳ. ತೀರ್ಪು ಕೌಶಿಕಿಯದು. ಗಣದಾಸನ ಪರವಾಗಿ ರಂಗಕ್ಕೆ ಬಂದವಳು ಮಾಳವಿಕಾ. ಕೌಶಿಕಿ ಆರಿಸಿದ್ದು ‘ಚಲಿತ’, ಶರ್ಮಿಷ್ಠೆ ಕಟ್ಟಿದಳೆನ್ನುವ ಕಷ್ಟದ ಪ್ರಯೋಗ. ಹಾಡುತ್ತಾ ಅಭಿನಯಿಸಬೇಕು. ಕುಣಿದು ನಿಂತಾಗ ಎಡಗೈ ಸೊಂಟದ ಮೇಲೆ, ಬಳೆ ಮಣಿಕಟ್ಟಿಗೆ ಬಂದು ತಂಗಿದೆ. ಬಲಗೈ ಬಳ್ಳಿಯಂತೆ ಸಡಿಲವಾಗಿ ಇಳಿಬಿದ್ದಿದೆ. ಕಣ್ಣು ನೆಲದ ಮೇಲೆ, ಕಾಲ ಹೆಬ್ಬೆರಳು ಅಲ್ಲಿ ಬಿದ್ದ ಹೂವನ್ನು ಅಲುಗಿಸುತ್ತಿದೆ. ಕುಣಿತಕ್ಕಿಂತ ಈ ನಿಲುವೇ ಚೆಂದ ಎನ್ನುತ್ತಾನೆ ಅಗ್ನಿಮಿತ್ರ. ಕೌಶಿಕಿಗೆ ಒಂದು ದೋಷವೂ ಕಾಣಲಿಲ್ಲ. ಇಂಥವಳ ಹೆಸರನ್ನು ಮಗಳಿಗೆ ಇಡಲು ದೇವರ ಪಟ್ಟಿ ಹುಡುಕಬೇಕಾಗಿಲ್ಲ.

ಇನ್ನು ಕೆಲಸದ ಮಾತು. ನಕ್ಷತ್ರದ ಅಕ್ಷರ ನೋಡುವವರಿಗೆ ‘ಮಾ’ ಬರುವುದು ಮಖೆಯ ಮೊದಲ ಪಾದಕ್ಕೆ. ಕನ್ನಡದಲ್ಲಿ ಮಾಳವಿಕಾ, ಸಂಸ್ಕೃತದಲ್ಲಿ ಮಾಲವಿಕಾ. ಎರಡೂ ಸರಿ, ಒಂದನ್ನೇ ಹಿಡಿಯಿರಿ. ತೊಂದರೆ ಬರುವುದು ಇಂಗ್ಲಿಷಿನಲ್ಲಿ: ‘ಎಲ್’ ಆದ ಮೇಲೆ ‘ಎ’ ಬಿಟ್ಟರೆ ಉತ್ತರದವರಂತೆ ‘ಮಾಲ್ವಿಕಾ’ ಆಗುತ್ತದೆ. ಜನನ ಪ್ರಮಾಣಪತ್ರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಆದರೆ ಪಾಸ್‌ಪೋರ್ಟ್ ಹೊತ್ತಿಗೆ ಅಲೆದಾಟ ತಪ್ಪಿದ್ದಲ್ಲ. ಜನನ ನೋಂದಣಿಯಾದ 12 ತಿಂಗಳೊಳಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಅವಸರ ಬೇಡ; ಅಜ್ಜಿ, ಅತ್ತೆ ಎಲ್ಲರೂ ಒಪ್ಪಿದ ಕಾಗುಣಿತವನ್ನು ಚೀಟಿಯಲ್ಲಿ ಬರೆದುಕೊಂಡೇ ಕಚೇರಿಗೆ ಹೋಗಿ.