ಡಾರ್ಟ್ ಬಾಯಿಯ ಚಿಕ್ಕ ಗೋಪುರ

"ಎಲ್ಲಾ ಕಂಪ್ಯೂಟರ್‌ನಲ್ಲೇ ಆಗುತ್ತಲ್ಲ ಮೇಡಂ, ಬ್ರೌನ್ ಪೇಪರ್ ಯಾಕೆ?" ನಾನು ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ನಮೂನೆ, ಬಿಡಿಸೋದನ್ನು ಕಲಿಸುತ್ತೇನೆ. ಪ್ರತಿ ಹೊಸ ಬ್ಯಾಚ್‌ನಲ್ಲೂ ಒಬ್ಬರಾದರೂ ಹೀಗೆ ಕೇಳುತ್ತಾರೆ. ತಪ್ಪೇನಿಲ್ಲ. ನಾನೂ ಅರ್ಧ ದಿನ ಸ್ಕ್ರೀನ್ ಮುಂದೇನೇ ಕೂತಿರುತ್ತೇನೆ.

ಹೋದ ಸಲ ಒಬ್ಬ ಹುಡುಗ ಸೀದಾ ಸಾಫ್ಟ್‌ವೇರ್‌ನಲ್ಲೇ ಟಾಪ್‌ನ ಮುಂಭಾಗ ಬಿಡಿಸಿದ. ಪಕ್ಕದ ಹೊಲಿಗೆಯಿಂದ ಎದೆಯ ಕಡೆಗೆ ಒಂದು ಡಾರ್ಟ್, ಅಂದರೆ ಬಟ್ಟೆ ಮೈಗೆ ಕೂರಲಿ ಅಂತ ಹೊಲಿಯುವ ತ್ರಿಕೋನದ ಮಡಿಕೆ. ಡಾರ್ಟ್ ಬಾಯಿ (ಅದರ ಅಗಲದ ತುದಿ) ಇರುವಲ್ಲಿ ಅಂಚು ಚಿಕ್ಕ ಗೋಪುರದ ಹಾಗೆ ಹೊರಗೆ ಚಾಚಿರುತ್ತೆ ಅಲ್ವಾ, ಸಾಫ್ಟ್‌ವೇರ್ ಅದನ್ನು ಸರಿಯಾಗೇ ಹಾಕಿತ್ತು. ಇವನಿಗೆ ಅದು ತಪ್ಪು ಅನ್ನಿಸಿದೆ. ಅಳಿಸಿ ಗೆರೆ ನೇರ ಮಾಡಿಬಿಟ್ಟ. ಕೋರಾ ಬಟ್ಟೆಯಲ್ಲಿ ಕತ್ತರಿಸಿ ಹೊಲಿದು ನೋಡಿದರೆ ಡಾರ್ಟ್‌ನ ಮಡಿಕೆ ಗಿಡ್ಡ, ಪಕ್ಕದ ಹೊಲಿಗೆಗೆ ಸಿಗುತ್ತಲೇ ಇಲ್ಲ.

ನಾನು ಜಾಸ್ತಿ ಮಾತಾಡಲಿಲ್ಲ. ಒಂದು ಕಾಗದ ಕೊಟ್ಟೆ. ಡಾರ್ಟ್ ಗೆರೆಗಳನ್ನು ಒಂದರ ಮೇಲೊಂದು ಕೂರಿಸಿ, ಮಡಿಕೆ ಕೆಳಗೆ ಮಾಡಿ, ಮಡಿಚಿದ ಹಾಗೇ ಪಕ್ಕದ ಗೆರೆ ಕತ್ತರಿಸು ಅಂದೆ. ಕತ್ತರಿಸಿ ಮಡಿಕೆ ತೆರೆದ. ಗೋಪುರ ತಾನಾಗೇ ಬಂದಿತ್ತು. "ಅಯ್ಯೋ, ಇದಕ್ಕಾ!" ಅಂದ. ಇದಕ್ಕೇ ಮೊದಲ ವಾರಗಳಲ್ಲಿ ನಾನು ಮೌಸ್ ಮುಟ್ಟಲು ಬಿಡೋದಿಲ್ಲ.

ಹಾಗಂತ ಕೈಕೆಲಸವೇ ದೊಡ್ಡದು ಅನ್ನುವವಳಲ್ಲ ನಾನು. ತೋಳಿನ ವಿಷಯಕ್ಕೆ ಬನ್ನಿ. ತೋಳಿನ ಮೇಲಿನ ವಕ್ರ ಆರ್ಮ್‌ಹೋಲ್‌ಗಿಂತ, ಅಂದರೆ ತೋಳು ಜೋಡಿಸುವ ಕಂಕುಳ ಸುತ್ತಿನ ಅಂಚಿಗಿಂತ, ಸ್ವಲ್ಪ ಉದ್ದ ಇರಬೇಕು, ಮಾಮೂಲಿ ನೇಯ್ದ ಬಟ್ಟೆಗೆ 2ರಿಂದ 3 ಸೆಂ.ಮೀ. ಸಾಕು. ಕೈಯಲ್ಲಾದರೆ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ವಕ್ರದ ಉದ್ದಕ್ಕೂ ಇಂಚಿಂಚಾಗಿ ನಡೆಸಬೇಕು, ಮಲಗಿಸಿ ಅಳೆದರೆ ಲೆಕ್ಕ ತಪ್ಪುತ್ತೆ, ಮತ್ತೆ ಶುರುವಿಂದ. ಕಂಪ್ಯೂಟರ್‌ನಲ್ಲಿ ಎರಡು ಕ್ಲಿಕ್. ಗ್ರೇಡಿಂಗ್, ಅಂದರೆ ಒಂದೇ ಪ್ಯಾಟರ್ನನ್ನು ಬೇರೆ ಬೇರೆ ಸೈಜ್‌ಗೆ ಮಾಡೋದು, ಅಂತೂ ಬಿಡಿ, ಐದು ಸೈಜ್ ಕೈಯಲ್ಲಿ ಮಾಡಿದವರಿಗೆ ಆ ನೋವು ಗೊತ್ತು.

ಆದರೆ ಸ್ಕ್ರೀನ್‌ನಲ್ಲಿ ಜೂಮ್ ಮಾಡಿದಾಗ ಕಾಲರ್ ಕೂಡ ಕಂಬಳಿಯಷ್ಟು ಕಾಣುತ್ತೆ. ಅಳತೆಯ ಅಂದಾಜೇ ಹೋಗಿಬಿಡುತ್ತೆ. ನಾನೇ ಒಮ್ಮೆ ಮೋಸ ಹೋಗಿದ್ದೇನೆ. ಪ್ರಿಂಟ್ ಕೊಡುವಾಗ ಪೇಪರ್‌ಗೆ ಹೊಂದಿಸು ಅನ್ನೋ ಆಯ್ಕೆ ಆನ್ ಇತ್ತು, ಪ್ಯಾಟರ್ನ್ ಪೂರ್ತಿ ಸ್ವಲ್ಪ ಕುಗ್ಗಿ ಬಂತು, ನೋಡದೆ ಇಡೀ ಕ್ಲಾಸಿಗೆ ಹಂಚಿದೆ. ಆ ದಿನದ ಟಾಪ್ ಒಂದೂ ಯಾರ ಅಳತೆಗೂ ಸರಿಹೋಗಲಿಲ್ಲ. ಈಗ ಪ್ರತಿ ಫೈಲಿನ ಮೂಲೆಯಲ್ಲೂ 10 ಸೆಂ.ಮೀ. ಚೌಕ ಹಾಕಿಸುತ್ತೇನೆ. ಪ್ರಿಂಟ್ ಬಂದ ತಕ್ಷಣ ಸ್ಕೇಲ್ ಇಟ್ಟು ಅದನ್ನು ಅಳೆಯದವರ ಕೈಗೆ ಕತ್ತರಿ ಕೊಡೋದಿಲ್ಲ.