ಫಾರ್ಮ್ ಓದುವ ಮೊದಲು ಎಣಿಸಿ

ಕಾರ್ಯೋಟೈಪಿಂಗ್ (ಕೋಶದ ಕ್ರೋಮೋಸೋಮ್‌ಗಳನ್ನು ಎಣಿಸಿ ಜೋಡಿಸಿ ನೋಡುವ) ಬೆಂಚಿಗೆ ಹೊಸಬರು ಬಂದರೆ ಪಟ್ಟೆ ಮೂಡಿಸುವ ಟ್ರಿಪ್ಸಿನ್ ಹಿಡಿಯುವುದನ್ನು ಆಮೇಲೆ ಕಲಿಸಬಹುದು, 48ರ ಕಥೆಯನ್ನು ಮೊದಲು ಹೇಳಬೇಕು. 1923ರಲ್ಲಿ ಥಿಯೋಫಿಲಸ್ ಪೇಂಟರ್ ವೃಷಣದ ತೆಳುಸೀಳುಗಳನ್ನು ನೋಡಿ ಮನುಷ್ಯನಿಗೆ 48 ಕ್ರೋಮೋಸೋಮ್ ಎಂದರು. ಸೀಳಿನಲ್ಲಿ ಒಂದರ ಮೇಲೊಂದು ಬಿದ್ದು ಗೋಜಲಾಗಿರುತ್ತವೆ, ಎರಡು ಹೆಚ್ಚು ಎಣಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಸಂಖ್ಯೆ ಮೂವತ್ತಕ್ಕೂ ಹೆಚ್ಚು ವರ್ಷ ಅಲುಗದೆ ನಿಂತಿತಲ್ಲ, ಅದು ಇವತ್ತಿಗೂ ಚುಚ್ಚುತ್ತದೆ.

1952ರಲ್ಲಿ ಹೈಪೋಟೋನಿಕ್ (ಕೋಶದೊಳಗಿಗಿಂತ ಲವಣ ಕಡಿಮೆಯ) ದ್ರಾವಣದಿಂದ ಕೋಶ ಉಬ್ಬಿಸಿ ಕ್ರೋಮೋಸೋಮ್‌ಗಳನ್ನು ಬಿಡಿಸಿ ತೋರಿಸಿದ ಟಿ.ಸಿ. ಹ್ಸು ಕೂಡ 48 ಎಂದೇ ಬರೆದರು. ಅದೇ ವರ್ಷ ಉರ್ಸುಲಾ ಮಿಟ್‌ವಾಕ್ ಡೌನ್ ಸಿಂಡ್ರೋಮ್ ಇದ್ದವರೊಬ್ಬರ ವೃಷಣದ ಕೋಶಗಳನ್ನು ನೋಡಿದರು. ಕ್ರೋಮೋಸೋಮ್ ಸಂಖ್ಯೆ ಅರ್ಧವಾಗುವ ಕೋಶವಿಭಜನೆಯಾದ ಮಿಯೋಸಿಸ್‌ನಲ್ಲಿ ಸಿಕ್ಕ ಲೆಕ್ಕ 24. 48ರ ಅರ್ಧ ತಾನೇ, ಸಹಜ ಅನ್ನಿಸಿತು. ಸರಿಯಾದ ಸಂಖ್ಯೆ 23 ಎಂದು ಗೊತ್ತಿದ್ದರೆ ಆ 24 ಎದ್ದು ಕಾಣುತ್ತಿತ್ತು. ಡೌನ್ ಸಿಂಡ್ರೋಮ್‌ನಲ್ಲಿ 47 ಎಂದು ಜೆರೋಮ್ ಲೆಜೂನ್ ತಂಡ ಪ್ರಕಟಿಸಿದ್ದು 1959ರಲ್ಲಿ, ಅದೂ 1956ರಲ್ಲಿ ಸ್ವೀಡನ್ನಿನ ಲುಂಡ್‌ನ ತ್ಜಿಯೊ ಮತ್ತು ಲೆವಾನ್ 46 ಎಂದು ತೋರಿಸಿದ ಮೇಲೆ. ಭ್ರೂಣದ ಯಕೃತ್ತಿನ ಕೋಶ ನೋಡುತ್ತಿದ್ದ ಸಹೋದ್ಯೋಗಿಗಳು ತಮಗೆ 46 ಮಾತ್ರ ಸಿಗುತ್ತಿದೆಯೆಂದು ಆ ಕೆಲಸ ನಿಲ್ಲಿಸಿದ್ದರು ಎಂಬುದನ್ನೂ ತ್ಜಿಯೊ ಮತ್ತು ಲೆವಾನ್ ತಮ್ಮ ಆ ಲೇಖನದಲ್ಲೇ ದಾಖಲಿಸಿದ್ದಾರೆ. ಉತ್ತರ ಕೈಯಲ್ಲೇ ಇತ್ತು!

ನಮ್ಮ ಬೆಂಚಿನಲ್ಲಿ, ನಿರೀಕ್ಷಿಸಿದ ಸಂಖ್ಯೆಯನ್ನೇ ಕಾಣುವ ಇದೇ ತೊಡಕು 45ರ ರೂಪದಲ್ಲಿ ಬರುತ್ತದೆ. ಕೋಶ ಉಬ್ಬಿಸಲು 0.075 ಮೋಲಾರ್ ಕೆಸಿಎಲ್ (ಪೊಟ್ಯಾಸಿಯಂ ಕ್ಲೋರೈಡ್), 37 ಡಿಗ್ರಿ, 15ರಿಂದ 20 ನಿಮಿಷ. ಕಡಿಮೆಯಾದರೆ ಮೆಟಾಫೇಸ್ (ವಿಭಜನೆಯ ನಡುವೆ ಕ್ರೋಮೋಸೋಮ್ ಸ್ಪಷ್ಟವಾಗಿ ಕಾಣುವ ಹಂತದ ಕೋಶ) ಗಂಟುಗಟ್ಟಿ ಎಣಿಸಲಾಗದು, ಜಾಸ್ತಿಯಾದರೆ ಕೋಶ ಒಡೆದು ಒಂದೆರಡು ಕ್ರೋಮೋಸೋಮ್ ದೂರ ಚೆಲ್ಲುತ್ತವೆ. ಹಾಗಾಗಿ 45 ಕಂಡ ಕೂಡಲೇ 'ಲಾಸ್' (ಸ್ಲೈಡ್ ಮಾಡುವಾಗ ಕಳೆದದ್ದು) ಎಂದು ಬಿಟ್ಟು ಮುಂದಿನ ಕೋಶಕ್ಕೆ ಹೋಗುವ ಅಭ್ಯಾಸ. ಬಹಳ ಸಲ ಅದು ನಿಜವೂ ಹೌದು. ಆದರೆ ಮೂರು ಕೋಶಗಳಲ್ಲೂ ಅದೇ ಕ್ರೋಮೋಸೋಮ್ ಇಲ್ಲದಿದ್ದರೆ ಅದು ಕ್ಲೋನ್ (ಒಂದೇ ಮೂಲದ ಕೋಶಗಳ ಗುಂಪು), ಹೆಚ್ಚುವರಿಯಾದರೆ ಎರಡು ಕೋಶ ಸಾಕು. ಬಿಟ್ಟ ಕೋಶದ ಲೆಕ್ಕವೇ ಇಲ್ಲದಿದ್ದರೆ ಮೂರು ಆಯಿತೋ ಇಲ್ಲವೋ ಯಾರಿಗೆ ಗೊತ್ತು? ಟರ್ನರ್ ಮೊಸಾಯಿಕ್ (ಕೆಲವು ಕೋಶಗಳಲ್ಲಿ ಮಾತ್ರ ಒಂದು ಎಕ್ಸ್ ಇಲ್ಲದಿರುವುದು) ತಪ್ಪಿಹೋಗುವುದು ಹೀಗೆಯೇ. ವಯಸ್ಸಾದ ಮಹಿಳೆಯರಲ್ಲಿ ಎಕ್ಸ್ ತಾನಾಗಿ ಕಳೆಯುವುದುಂಟು, ಅದನ್ನು ವರದಿ ಬರೆಯುವಾಗ ತೂಗಿ ನೋಡಿ. ಎಣಿಸುವಾಗ ಬೇಡ.

ಆದ್ದರಿಂದ ಕೈಬಿಟ್ಟ ಪ್ರತಿ ಮೆಟಾಫೇಸ್‌ನ ಸ್ಟೇಜ್ ಕೋಆರ್ಡಿನೇಟ್, ಎಣಿಕೆ, ಕಾಣದ ಕ್ರೋಮೋಸೋಮ್ ಬರೆದಿಡಿ. ಎರಡನೇ ಎಣಿಕೆ ಮಾಡುವವರಿಗೆ ಮೊದಲಿನವರ ಶೀಟ್ ಕೊಡಬೇಡಿ. ನಾವು ಬಳಸುವ ಸಾಫ್ಟ್‌ವೇರ್ ಮಾತ್ರ ಕೇಸ್ ತೆರೆದ ಕೂಡಲೇ ಚಿತ್ರಕ್ಕಿಂತ ಮೊದಲು ವೈದ್ಯರ ಟಿಪ್ಪಣಿಯನ್ನೇ ಕಣ್ಣಿಗೆ ಒಡ್ಡುತ್ತದೆ. ಅದನ್ನು ಮುಚ್ಚಿಡುವ ವ್ಯವಸ್ಥೆ ಕೇಳಿದರೆ ಮೇಲಿನವರ ಉತ್ತರ ಯಾವಾಗಲೂ ಟಿಎಟಿ, ಅಂದರೆ ವರದಿ ಕೊಡಬೇಕಾದ ಗಡುವು. ಸದ್ಯಕ್ಕೆ ಎಣಿಸುವವರಿಗೆ ಕೇಸ್ ನಂಬರ್ ಇರುವ ಸ್ಲೈಡ್ ಮಾತ್ರ ಕೊಡಿ, 20 ಕೋಶ ಮುಗಿದ ಮೇಲೆ ವೈದ್ಯರ ಟಿಪ್ಪಣಿ ಇರುವ ಫಾರ್ಮ್ ಕೊಡಿ.