ತೋಟ, ಐನ್‌ಮನೆ, ಲೈನ್‌ಮನೆ: ಡೈವರ್ಸಿಟಿ ಪ್ರಬಂಧಕ್ಕೆ ಯಾವುದನ್ನು ಆರಿಸಬೇಕು?

ನೀಟ್ ಬರೆದು ಮಡಿಕೇರಿಗೋ ಮಂಗಳೂರಿಗೋ ಎಂಬಿಬಿಎಸ್ ಸೇರುವ ಮಕ್ಕಳಿಗೆ ಡೈವರ್ಸಿಟಿ ಪ್ರಬಂಧದ, ಅಂದರೆ ನಿಮ್ಮ ಹಿನ್ನೆಲೆ ನಿಮ್ಮನ್ನು ಹೇಗೆ ಭಿನ್ನವಾಗಿಸಿದೆ ಎಂದು ಅಮೆರಿಕದ ಮೆಡಿಕಲ್ ಕಾಲೇಜುಗಳು ಬರೆಸುವ ಪ್ರಬಂಧದ, ಗೊಡವೆಯಿಲ್ಲ. ಅಮೆರಿಕದಲ್ಲೇ ಬೆಳೆದು, ಅಲ್ಲಿನ ಪೌರತ್ವ ಅಥವಾ ಗ್ರೀನ್ ಕಾರ್ಡ್ ಇದ್ದು, ಅಲ್ಲೇ ಮೆಡಿಕಲ್ ಓದಲು ಹೊರಟ ಕೊಡಗಿನ ಮನೆಗಳ ಮಕ್ಕಳಿಗಾಗಿ ಇದು. ಬೇಸಿಗೆ ರಜೆಗೆ ಅಜ್ಜನ ಐನ್‌ಮನೆಗೆ, ಅಂದರೆ ಮನೆತನದ ಮೂಲಮನೆಗೆ ಬಂದು, ಜಗಲಿಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು, ‘ನನ್ನಲ್ಲಿ ಭಿನ್ನವಾದದ್ದು ಏನಿದೆ’ ಎಂದು ತಲೆ ಕೆರೆದುಕೊಳ್ಳುವವರು ನೀವೇ ತಾನೆ?

ಮೊದಲು ಲೆಕ್ಕ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಆಮ್‌ಕಾಸ್ ಎಂಬ ಅರ್ಜಿಯಲ್ಲಿ ‘ಯಾಕೆ ವೈದ್ಯರಾಗಬೇಕು’ ಎಂಬ ಮುಖ್ಯ ಪ್ರಬಂಧಕ್ಕೆ 5,300 ಅಕ್ಷರಗಳ ಮಿತಿ. ಖಾಲಿ ಜಾಗವೂ ಅದರಲ್ಲೇ ಸೇರುತ್ತದೆ. ಆಮೇಲೆ ಒಂದೊಂದು ಕಾಲೇಜೂ ತನ್ನದೇ ಸೆಕೆಂಡರಿ, ಅಂದರೆ ಎರಡನೇ ಸುತ್ತಿನ ಪ್ರಶ್ನೆಗಳನ್ನು ಕಳಿಸುತ್ತದೆ. ಡೈವರ್ಸಿಟಿ ಪ್ರಶ್ನೆ ಬರುವುದು ಅಲ್ಲಿ. ಮಿತಿ ಕಾಲೇಜಿನಿಂದ ಕಾಲೇಜಿಗೆ ಬೇರೆ. 1,000 ಅಕ್ಷರ ಅಂದರೆ ಇಂಗ್ಲಿಷಿನಲ್ಲಿ ಸುಮಾರು 160 ಪದ, ಅಷ್ಟೆ. ಅಷ್ಟರಲ್ಲಿ ಕೊಡಗಿನ ಚರಿತ್ರೆ ಹಿಡಿಸುವುದಿಲ್ಲ.

2023ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಹಾರ್ವರ್ಡ್ ಪ್ರಕರಣದಲ್ಲಿ, ಜನಾಂಗವನ್ನೇ ನೋಡಿ ಪ್ರವೇಶ ಕೊಡುವುದನ್ನು ತಡೆಯಿತು. ಆದರೆ ತನ್ನ ಹಿನ್ನೆಲೆ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆಯುವುದಕ್ಕೆ ಅಡ್ಡಿಯಿಲ್ಲ, ಅದು ಅವರ ಗುಣಕ್ಕೋ ಸಾಮರ್ಥ್ಯಕ್ಕೋ ನೇರವಾಗಿ ತಾಗಿರಬೇಕು ಎಂದೂ ತೀರ್ಪು ಹೇಳಿತು. ವಿಷಯ ಆರಿಸುವಾಗ ನೆನಪಿಡಬೇಕಾದ್ದು ಇದನ್ನೇ. ‘ನಾನು ಕೊಡಗಿನವಳು’ ಎಂಬ ಸಾಲಿಗೆ ತೂಕವಿಲ್ಲ. ಕೊಡಗಿನವಳಾಗಿ ನೀವು ಏನು ಮಾಡಲು ಕಲಿತಿರಿ ಎಂಬುದಕ್ಕೆ ಇದೆ.

ಹೆಚ್ಚಿನ ಕರಡುಗಳು ಎಡವುವುದು ಇಲ್ಲಿ. ಸುಗ್ಗಿ ಹಬ್ಬ ಪುತ್ತರಿಯ ಕೋಲಾಟ, ಕೊಡವ ಉಡುಪು ಕುಪ್ಯಚೇಲೆ, ಹಂದಿಮಾಂಸದ ಪಂದಿಕರಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪ, ಮಿಲಿಟರಿಯಲ್ಲಿದ್ದ ದೊಡ್ಡಪ್ಪ. ಎಲ್ಲವೂ ಹೆಮ್ಮೆಯ ವಿಷಯಗಳೇ. ಆದರೆ ಓದಿ ಮುಗಿಸಿದವರಿಗೆ ಕೊಡಗು ಗೊತ್ತಾಗುತ್ತದೆ, ಬರೆದವರು ಗೊತ್ತಾಗುವುದಿಲ್ಲ. ಆಯುಧಗಳ ಹಬ್ಬ ಕೈಲ್‌ಪೊಳ್ದ್‌ನ ಕೋವಿಪೂಜೆಯನ್ನಂತೂ ಬಿಡಿ. ಗುಂಡೇಟಿನ ಗಾಯಾಳುಗಳನ್ನು ದಿನವೂ ನೋಡುವ ಅಲ್ಲಿನ ವೈದ್ಯರಿಗೆ ಅದರ ಭಾವ ತಿಳಿಸಲು ನಿಮ್ಮ ಪದಗಳೆಲ್ಲ ಖರ್ಚಾಗುತ್ತವೆ.

ಇನ್ನೊಂದು ತಪ್ಪು ಇದಕ್ಕಿಂತ ಗಂಭೀರ. ತೋಟದ ಮಾಲೀಕರ ಮೊಮ್ಮಕ್ಕಳು ಲೈನ್‌ಮನೆಯವರ, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರ ಕಷ್ಟವನ್ನು ತಮ್ಮ ಬಂಡವಾಳ ಮಾಡಿಕೊಳ್ಳುವುದು. ಎರಡು ವಾರ ತೋಟದಲ್ಲಿದ್ದು ‘ಆದಿವಾಸಿ ಯರವರ ಬಡತನ ನನ್ನ ಕಣ್ಣು ತೆರೆಸಿತು’ ಎಂದು ಬರೆದರೆ, ಆ ಜನ ನಿಮ್ಮ ಅರ್ಜಿಗೆ ಅಲಂಕಾರವಾಗುತ್ತಾರೆ. ಅವರ ಬಗ್ಗೆ ಬರೆಯಲೇಬಾರದು ಎಂದಲ್ಲ. ನೀವು ನಿಂತ ಜಾಗವನ್ನು ಮುಚ್ಚಿಡಬೇಡಿ. ಬಟವಾಡೆ ಕೊಡುವ ಮೇಜಿನ ಈಚೆ ಕೂತವರು ನೀವು. ಆಚೆ ನಿಂತ ಹೆಂಗಸು ಜ್ವರವಿದ್ದರೂ ಯಾಕೆ ಕೆಲಸಕ್ಕೆ ಬಂದಳು ಎಂಬುದು ಆ ಜಾಗದಿಂದ ನಿಮಗೆ ಯಾಕೆ ಕಾಣಲಿಲ್ಲ, ಯಾವಾಗ ಕಂಡಿತು, ಕಂಡಮೇಲೆ ಏನು ಮಾಡಿದಿರಿ? ಇದಕ್ಕೆ ಉತ್ತರವಿದ್ದರೆ ಅದು ವಿಷಯ. ಇಲ್ಲದಿದ್ದರೆ ಮುಂದಕ್ಕೆ ಹೋಗಿ. ಮತ್ತೆ, ಯಾರ ಹೆಸರನ್ನೂ ಹಾಕಬೇಡಿ. ನಮ್ಮಲ್ಲಿ ಮನೆತನದ ಹೆಸರು, ಊರು, ಕಾಯಿಲೆ ಮೂರನ್ನು ಸೇರಿಸಿದರೆ ಯಾರೆಂದು ಗೋಣಿಕೊಪ್ಪಲಿನ ಸಂತೆಯಲ್ಲೇ ಹೇಳಿಬಿಡುತ್ತಾರೆ.

ಆರಿಸುವ ಕೆಲಸಕ್ಕೆ ಒಂದು ಹಾಳೆ ಸಾಕು. ಮನೆ, ಭಾಷೆ, ಕೆಲಸ, ನಂಬಿಕೆ, ಹಣಕಾಸು, ಆರೋಗ್ಯ, ಹವ್ಯಾಸ ಎಂದು ಬರೆದು ಒಂದೊಂದರ ಎದುರೂ ನಿಮ್ಮ ಕೈಯಾರೆ ಮಾಡಿದ ಎರಡು ಸಂಗತಿ ಬರೆಯಿರಿ. ಕ್ರಿಯಾಪದವಿಲ್ಲದ ಸಾಲನ್ನು ಹೊಡೆದುಹಾಕಿ. ಮುಖ್ಯ ಪ್ರಬಂಧದಲ್ಲಿ ಆಗಲೇ ಬಂದಿರುವುದನ್ನೂ ಹೊಡೆಯಿರಿ. ಉಳಿದದ್ದರಲ್ಲಿ, ಸಂದರ್ಶನದಲ್ಲಿ ಹತ್ತು ನಿಮಿಷ ಕೆದಕಿದರೂ ತಡವರಿಸದೆ ಹೇಳಬಲ್ಲದ್ದನ್ನು ಇಟ್ಟುಕೊಳ್ಳಿ.

ಭಾಷೆಯ ಸಾಲಿನಲ್ಲಿ ಏನು ಸಿಗಬಹುದು ನೋಡಿ. ಅಜ್ಜಿಯನ್ನು ಅಲ್ಲಿನ ಆಸ್ಪತ್ರೆಗೆ ಕರೆದೊಯ್ದಾಗ ಅವರು ‘ಸುಸ್ತು’ ಎನ್ನುತ್ತಾರೆ. ಮೊಮ್ಮಗ ಇಂಗ್ಲಿಷಿನಲ್ಲಿ ‘ದಣಿವು’ ಎಂದು ಹೇಳಿ ಮುಗಿಸುತ್ತಾನೆ. ಆದರೆ ಸುಸ್ತು ಅಂದರೆ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುವುದೂ ಆದೀತು, ಎದ್ದ ಕೂಡಲೇ ಕಣ್ಣು ಕತ್ತಲಿಡುವುದೂ ಆದೀತು, ಮನಸ್ಸೇ ಇಲ್ಲದಿರುವುದೂ ಆದೀತು. ಮೂರಕ್ಕೂ ಪರೀಕ್ಷೆ ಬೇರೆ, ಮದ್ದು ಬೇರೆ. ತಪ್ಪು ಅನುವಾದ ಮಾಡಿ, ಆಮೇಲೆ ಬಿಡಿಸಿ ಕೇಳಲು ಕಲಿತ ಹುಡುಗನ ಬಳಿ ಒಳ್ಳೆಯ ವಿಷಯವಿದೆ. ನಾಲ್ಕು ಭಾಷೆ ಬರುತ್ತದೆ ಎಂದಷ್ಟೇ ಬರೆದವನ ಬಳಿ ಇಲ್ಲ.

2018ರ ಆಗಸ್ಟ್‌ನ ಭೂಕುಸಿತದ ಬಗ್ಗೆ ಬರೆಯಲು ಹೊರಟವರಿಗೆ ಒಂದು ಎಚ್ಚರಿಕೆ. ಮಕ್ಕಂದೂರು, ಜೋಡುಪಾಲದ ಕಡೆ ನೆಂಟರ ಮನೆ ಕುಸಿದುಹೋಗಿದ್ದರೆ ಆ ನೋವು ನಿಮ್ಮದೇ, ಬರೆಯಿರಿ. ಆದರೆ ಆಗ ನೀವಿನ್ನೂ ಚಿಕ್ಕವರು. ಅಲ್ಲಿಂದ ಕಾಲೇಜಿನವರೆಗೆ ಒಂದು ಎಳೆ ಕಾಣಬೇಕು: ಪರಿಹಾರ ಕೇಂದ್ರದಲ್ಲಿ ಬಿಪಿ ಮಾತ್ರೆಯ ಚೀಟಿ ಕಳೆದುಕೊಂಡವರನ್ನು ಕಂಡವರು, ಮುಂದೆ ಯಾವುದೋ ಉಚಿತ ಕ್ಲಿನಿಕ್ಕಿನಲ್ಲಿ ಔಷಧಿ ಪಟ್ಟಿ ಬರೆದುಕೊಡುವ ಕೆಲಸ ಹಿಡಿದ ಹಾಗೆ. ಎಳೆ ಇಲ್ಲದಿದ್ದರೆ ಅದು ಸುದ್ದಿ ವರದಿಯಾಗುತ್ತದೆ.

250 ಪದದ ಮಿತಿಯಿದ್ದರೆ ಹಿನ್ನೆಲೆಗೆ 50, ಮಾಡಿದ್ದಕ್ಕೆ 110, ಬದಲಾದದ್ದಕ್ಕೆ 50, ಸಹಪಾಠಿಗಳಿಗೂ ರೋಗಿಗಳಿಗೂ ಏನು ತರುತ್ತೀರಿ ಎಂಬುದಕ್ಕೆ 40. ಮನೆತನ ಎಂಬರ್ಥದ ‘ಒಕ್ಕ’ದಂಥ ಒಂದು ಪದಕ್ಕೆ ಮಾತ್ರ ವಿವರಣೆ ಕೊಡಿ, ಎರಡನೆಯದಕ್ಕೆ ಜಾಗವಿಲ್ಲ.

ಒಂದೇ ಪ್ರಬಂಧವನ್ನು ಇಪ್ಪತ್ತು ಕಾಲೇಜಿಗೂ ಅಂಟಿಸುವ ಮುನ್ನ ಪ್ರಶ್ನೆಯನ್ನು ಮತ್ತೆ ಓದಿ. ‘ನಮ್ಮ ತರಗತಿಗೆ ಏನು ತರುತ್ತೀರಿ’, ‘ನಿಮಗಿಂತ ಬೇರೆಯವರ ಜೊತೆ ಕೆಲಸ ಮಾಡಿದ್ದು ಯಾವಾಗ’, ‘ಎದುರಿಸಿದ ಅಡೆತಡೆ ಯಾವುದು’ ಇವು ಮೂರು ಬೇರೆ ಪ್ರಶ್ನೆಗಳು. ಸೆಕೆಂಡರಿಗಳು ಜುಲೈ ಹೊತ್ತಿಗೆ ಒಟ್ಟೊಟ್ಟಿಗೆ ಬರುತ್ತವೆ, ಎರಡು ವಾರದೊಳಗೆ ಕಳಿಸುವುದು ರೂಢಿ. ಹಾಗಾಗಿ ಕರಡು ಜೂನ್‌ನಲ್ಲೇ ಆಗಿರಲಿ. ಅದನ್ನು ಕೊಡಗು ಎಲ್ಲಿದೆಯೆಂದೇ ಗೊತ್ತಿಲ್ಲದ ಒಬ್ಬರಿಗೆ ಓದಲು ಕೊಟ್ಟು, ‘ಇದರಲ್ಲಿ ನಾನು ಏನು ಮಾಡಿದೆ’ ಎಂದು ಕೇಳಿ. ಅವರು ಬೆಟ್ಟ, ಕಾಫಿ, ಮಳೆಯ ಬಗ್ಗೆ ಹೇಳತೊಡಗಿದರೆ ಹಾಳೆ ತೆಗೆದು ಮತ್ತೆ ಕೂರಿ.